ಹಡಗಿಗಾಗಿ ಕಾಯದ ಮನೆ: ದ್ವೀಪಗಳಲ್ಲಿ ಬಿದಿರು ಬೆಳೆಸಿ ಕಟ್ಟುವ ಬಗೆ

(ಗೋವೆಯ ವಾಸ್ಕೋದಲ್ಲಿ ಕನ್ನಡಿಗರು ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯ ಹಿರಿಯರೇ, ಕಟ್ಟಡದ ಕೆಲಸವನ್ನೇ ನಂಬಿ ಬಾಗಲಕೋಟೆ, ವಿಜಯಪುರ, ಗದಗ, ಕೊಪ್ಪಳದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಅಂಡಮಾನಿನಲ್ಲಿ ಬ್ರಿಟಿಷರು 1896ರಿಂದ 1906ರವರೆಗೆ ಸೆಲ್ಯುಲರ್ ಜೈಲನ್ನು ಕಟ್ಟಿಸಿದಾಗ ಅದರ ಇಟ್ಟಿಗೆಯನ್ನು ಬರ್ಮಾದಿಂದ ಹಡಗಿನಲ್ಲಿ ತರಿಸಿದ್ದರು. ಸುಮಾರು ನೂರು ವರ್ಷಗಳ ನಂತರ, 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಿಕೋಬಾರಿನ ಜನ ಮನೆಮಾರು ಕಳೆದುಕೊಂಡಾಗ ಅವರಿಗೆ ಮೊದಲು ದೊರೆತ ಆಸರೆ ತಗಡಿನ ಶೆಡ್ಡುಗಳು, ಆ ತಗಡೂ ಹಡಗಿನಲ್ಲೇ ಬಂದಿತ್ತು. ನೆಲದಿಂದ ಎತ್ತರಕ್ಕೆ ಕಂಬಗಳ ಮೇಲೆ ನಿಲ್ಲಿಸಿ, ಹುಲ್ಲು ಹೊದಿಸಿ, ಗಾಳಿಯಾಡುವಂತೆ ಕಟ್ಟಿದ ದುಂಡನೆಯ ಗುಡಿಸಲುಗಳಲ್ಲಿ ತಲೆತಲಾಂತರದಿಂದ ಬಾಳಿದವರು ಆ ಸೆಕೆಯ ನಾಡಿನಲ್ಲಿ ಕಾದ ತಗಡಿನ ಕೆಳಗೆ ದಿನ ಕಳೆಯಬೇಕಾಯಿತು. ಸಮುದ್ರದ ನಡುವಿನ ನೆಲದಲ್ಲಿ ಮನೆ ಕಟ್ಟುವ ಪ್ರಶ್ನೆಯೆಲ್ಲ ಇದರಲ್ಲೇ ಇದೆ. ಸಿಮೆಂಟು, ಕಬ್ಬಿಣ, ತಗಡು, ಕೆಲವೆಡೆ ಮರಳು ಕೂಡ ಹೊರಗಿನಿಂದಲೇ ಬರಬೇಕು. ಹಡಗು ತಡವಾದರೆ ಕೆಲಸ ನಿಲ್ಲುತ್ತದೆ, ಬಾಡಿಗೆ ಏರಿದರೆ ಮನೆಯ ಬೆಲೆ ಏರುತ್ತದೆ. ಚಂಡಮಾರುತ ಬಡಿದಾಗ ಸಾಮಾನು ಹೆಚ್ಚು ಬೇಕಾಗುವ ದಿನಗಳಲ್ಲೇ ಬಂದರು ಮುಚ್ಚಿರುತ್ತದೆ.

ಇದನ್ನು ನೋಡಲು ನಾವು ಅಂಡಮಾನಿಗೆ ಹೋಗಬೇಕಾಗಿಲ್ಲ. ಮಾಂಡವಿ ನದಿಯ ದಿವಾರ್ ದ್ವೀಪಕ್ಕೆ ಸೇತುವೆಯಿಲ್ಲ. ಅಲ್ಲಿ ಒಂದು ಕೋಣೆ ಕಟ್ಟಬೇಕಾದರೂ ಸಿಮೆಂಟಿನ ಚೀಲ, ಸರಳು, ಜಲ್ಲಿ ಎಲ್ಲವೂ ಫೆರಿ ಹತ್ತಿಯೇ ದಾಟಬೇಕು. ಆ ಸಾಮಾನನ್ನು ಲಾರಿಗೆ ಏರಿಸಿದವರು, ಇಳಿಸಿದವರು ಈ ಸಭೆಯಲ್ಲೇ ಹಲವರಿದ್ದೀರಿ. ಅದೇ ದ್ವೀಪದ ಗುಡ್ಡದ ಇಳಿಜಾರಿನ ಕೆಂಪು ಮಣ್ಣು, ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಸುರಿಯುವ ಮಳೆ, ಸದಾ ಬೆಚ್ಚಗಿರುವ ಹವೆ, ಇವೆಲ್ಲವೂ ಬಿದಿರಿಗೆ ಹೇಳಿ ಮಾಡಿಸಿದಂತಿವೆ.

ಬಿದಿರನ್ನು ಹೊಗಳುವವರ ಕೊರತೆ ಈಗ ಇಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ 2022ರಲ್ಲಿ ಉದ್ಘಾಟನೆಗೊಂಡ ಮೇಲೆ ಅದರ ಬಿದಿರಿನ ಒಳಮಾಡನ್ನು ನಮ್ಮವರು ನಿಂತು ನೋಡುತ್ತಾರೆ. ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಗ್ರೀನ್ ಸ್ಕೂಲ್ ಎಂಬ ಶಾಲೆ 2008ರಿಂದ ಬಿದಿರಿನ ಕಟ್ಟಡಗಳಲ್ಲೇ ನಡೆಯುತ್ತಿದೆ. ಅಲ್ಲಿ 2021ರಲ್ಲಿ ಮುಗಿದ ‘ದಿ ಆರ್ಕ್’ ಎಂಬ ಆಟದ ಮಂಟಪದ ಕಮಾನುಗಳು ನಡುವೆ ಒಂದೂ ಕಂಬವಿಲ್ಲದೆ 19 ಮೀಟರ್ ಅಗಲವನ್ನು ದಾಟುತ್ತವೆ. ಇವು ನಿಜಕ್ಕೂ ಮೆಚ್ಚತಕ್ಕ ಕೆಲಸಗಳು. ಆದರೆ ಚಿತ್ರಗಳನ್ನು ನೋಡಿ ಉತ್ಸಾಹಗೊಂಡು ದ್ವೀಪದ ತುಂಬ ಸಸಿ ನೆಟ್ಟುಬಿಟ್ಟರೆ ಮನೆಗಳು ತಾವಾಗಿಯೇ ಎದ್ದು ನಿಲ್ಲುತ್ತವೆ ಎಂಬ ಭಾವನೆ ಹರಡುತ್ತಿರುವುದು ನನಗೆ ಆತಂಕ ತರುತ್ತದೆ. ಕಡಿದ ಮೇಲಿನ ಮೊದಲ ಒಂದು ತಿಂಗಳು ಬಿದಿರಿಗೆ ಏನಾಗುತ್ತದೆ ಎಂಬುದರ ಮೇಲೆ ಆ ಮನೆ ಮೂರು ವರ್ಷ ಬಾಳುತ್ತದೋ ಮೂವತ್ತು ವರ್ಷ ಬಾಳುತ್ತದೋ ನಿರ್ಧಾರವಾಗುತ್ತದೆ. ಹುಳು ಹಿಡಿಯದಂತೆ ಗಳವನ್ನು, ಅಂದರೆ ಬಿದಿರಿನ ಕಾಂಡವನ್ನು, ಔಷಧದಲ್ಲಿ ನೆನೆಸಿ ಒಣಗಿಸುವ ಆ ಒಂದು ತಿಂಗಳ ಕೆಲಸಕ್ಕೆ ಬೇಕಾದ ತೊಟ್ಟಿ, ನೆರಳು ಮತ್ತು ಕೈಗಳು ದ್ವೀಪದಲ್ಲೇ ಇರಬೇಕು. ಬೆಳೆದ ಗಳವನ್ನು ಸಂಸ್ಕರಣೆಗೆಂದು ದಡಕ್ಕೆ ಸಾಗಿಸಿ ಮತ್ತೆ ದ್ವೀಪಕ್ಕೆ ತರುವುದಾದರೆ ನಾವು ಮತ್ತೆ ಹಡಗಿನ ಹಂಗಿಗೇ ಬಿದ್ದಂತಾಯಿತು.

ಮೊದಲು ಗಿಡದ ಮಾತು. ಬಿದಿರು ಹುಲ್ಲಿನ ಕುಲಕ್ಕೆ ಸೇರಿದ್ದು. ಕಳಲೆ, ಅಂದರೆ ಬಿದಿರಿನ ಮೊಳಕೆ, ನೆಲದಿಂದ ಹೊರಬರುವಾಗಲೇ ಅದರ ದಪ್ಪ ತೀರ್ಮಾನವಾಗಿರುತ್ತದೆ, ಎರಡು ಮೂರು ತಿಂಗಳಲ್ಲಿ ಅದು ತನ್ನ ಪೂರ್ಣ ಎತ್ತರವನ್ನು ಮುಟ್ಟುತ್ತದೆ. ಆಮೇಲೆ ಅದು ಎತ್ತರವನ್ನಾಗಲಿ ದಪ್ಪವನ್ನಾಗಲಿ ಹೆಚ್ಚಿಸಿಕೊಳ್ಳದೆ ಒಳಗೊಳಗೇ ಬಲಿಯುತ್ತ ಹೋಗುತ್ತದೆ. ಕಟ್ಟಡಕ್ಕೆ ಬೇಕಾದ ಗಟ್ಟಿತನ ಬರಲು ಮೂರರಿಂದ ಐದು ವರ್ಷ ಬೇಕು. ಸಸಿ ನೆಟ್ಟ ಹೊಸ ಮೆಳೆಯಲ್ಲಿ, ಅಂದರೆ ಬಿದಿರಿನ ಗುಂಪಿನಲ್ಲಿ, ಮೊದಲ ವರ್ಷಗಳ ಗಳಗಳು ಸಣ್ಣವಾಗಿರುತ್ತವೆ. ಬೇರು ಬಲಿತಂತೆ ವರ್ಷದಿಂದ ವರ್ಷಕ್ಕೆ ದಪ್ಪನೆಯ ಕಳಲೆ ಬರುತ್ತದೆ. ಆದ್ದರಿಂದ ಇಂದು ನೆಟ್ಟವರು ಆರೇಳು ವರ್ಷ ಕಾಯುವ ಮನಸ್ಸು ಮಾಡಬೇಕು. ಅಲ್ಲಿಂದ ಮುಂದೆ, ಮೆಳೆಯನ್ನು ಸರಿಯಾಗಿ ನೋಡಿಕೊಂಡರೆ, ಪ್ರತಿ ವರ್ಷವೂ ಮರು ನೆಡದೆ ಕೊಯ್ಲು ಮಾಡಬಹುದು. ಯಾವ ಮರವೂ ಹೀಗೆ ಫಲ ಕೊಡುವುದಿಲ್ಲ.

ಯಾವ ಜಾತಿ ನೆಡಬೇಕು ಎಂಬುದನ್ನು ದ್ವೀಪದ ಮಣ್ಣು ಹೇಳಬೇಕೇ ಹೊರತು ಸಸಿ ಮಾರುವವರಲ್ಲ. ಬಾಲಿ, ಜಾವಾಗಳಲ್ಲಿ ಪೆಟುಂಗ್ ಎನ್ನುವ ಡೆಂಡ್ರೊಕ್ಯಾಲಮಸ್ ಆಸ್ಪರ್ ದೊಡ್ಡ ಕಂಬಗಳಿಗೆ ಹೆಸರಾಗಿದೆ, ಇಪ್ಪತ್ತು ಮೀಟರಿಗೂ ಮೀರಿ ಬೆಳೆಯುತ್ತದೆ. ಕೊಂಕಣ, ಗೋವೆ ಮತ್ತು ನಮ್ಮ ಕರಾವಳಿಗೆ ಸ್ವಂತದ್ದಾದ ಇನ್ನೊಂದು ಬಿದಿರಿದೆ. ಮಹಾರಾಷ್ಟ್ರದ ಸಿಂಧುದುರ್ಗದ ರೈತರು ಅದನ್ನು ಮಾಣಗಾ ಎನ್ನುತ್ತಾರೆ, ಕರ್ನಾಟಕದಲ್ಲಿ ಅದು ಮಾರಿಹಾಳ ಬಿದಿರು, ವಿಜ್ಞಾನಿಗಳಿಗೆ ಡೆಂಡ್ರೊಕ್ಯಾಲಮಸ್ ಸ್ಟಾಕ್ಸೀ. ಇದಕ್ಕೆ ಮುಳ್ಳಿಲ್ಲ. ಗಳದ ಒಳಗೆ ಟೊಳ್ಳು ಕಡಿಮೆ, ಬುಡದ ಕಡೆಗಂತೂ ಬಹುಪಾಲು ಗಟ್ಟಿ. ತೀರ ದಪ್ಪನೆಯ ಕಂಬ ಇದರಿಂದ ಸಿಗದಿದ್ದರೂ ಜಂತಿ, ರೀಪು, ಗೋಡೆಯ ಚೌಕಟ್ಟುಗಳಿಗೆ ಇದು ಬಹಳ ಒಳ್ಳೆಯದು. ಮಾಂಡವಿಯ ದ್ವೀಪಗಳಿಗೆ ನನ್ನ ಮೊದಲ ಆಯ್ಕೆ ಇದೇ. ಮುಳ್ಳುಬಿದಿರಿನ ಮೆಳೆಯೊಳಗೆ ಕೈಹಾಕಿ ಬಲಿತ ಗಳವನ್ನಷ್ಟೇ ಆರಿಸಿ ತೆಗೆಯುವುದು ಎಷ್ಟು ಕಷ್ಟವೆಂದು ಮಲೆನಾಡಿನವರಿಗೆ ಗೊತ್ತು. ಆ ಕಷ್ಟ ತಪ್ಪಿಸಲು ಜನ ಹೊರಗಂಚಿನ ಎಳೆಯದನ್ನೇ ಕಡಿಯುತ್ತಾರೆ, ಒಳಗಿನದು ಹೆಣೆದುಕೊಂಡು ಮೆಳೆ ಕೆಡುತ್ತದೆ.

ದ್ವೀಪಗಳಲ್ಲಿ ಮುಖ್ಯವಾಗಿ ಎರಡು ಎಚ್ಚರಿಕೆ ಬೇಕು. ಬುಡದಲ್ಲೇ ಗುಂಪಾಗಿ ಬೆಳೆಯುವ ಜಾತಿಗಳನ್ನಷ್ಟೇ ನೆಡಬೇಕು. ನೆಲದೊಳಗೆ ಬೇರುಗಡ್ಡೆ ಚಾಚಿ ಹರಡುವ ಜಾತಿಗಳು ಸಣ್ಣ ನೆಲದ ಮೂಲ ಗಿಡಮರಗಳನ್ನು ನುಂಗಿಹಾಕುತ್ತವೆ, ಹವಾಯಿಯಲ್ಲಿ ಹೊರಗಿನಿಂದ ತಂದ ಅಂಥ ಬಿದಿರು ಈಗಾಗಲೇ ತೊಂದರೆ ಕೊಡುತ್ತಿದೆ. ಗುಂಪಿನ ಜಾತಿಯೂ ಹೊಳೆಯ ಅಂಚಿನಲ್ಲಿ ಸುಮ್ಮನಿರುತ್ತದೆಂದು ಹೇಳಲಾಗದು. ಪೋರ್ಟೊ ರಿಕೊದಲ್ಲಿ ಬಾಂಬುಸಾ ವಲ್ಗ್ಯಾರಿಸ್‌ನ ತುಂಡುಗಳು ನೀರಿನಲ್ಲಿ ತೇಲಿಹೋಗಿ ಬೇರುಬಿಟ್ಟು ನದಿದಂಡೆಗಳನ್ನು ಆವರಿಸಿವೆ. ಎರಡನೆಯದು ಹೂ. ಹಲವು ಜಾತಿಯ ಬಿದಿರು ದಶಕಗಳಿಗೊಮ್ಮೆ ಹೂಬಿಟ್ಟು ಸಾಯುತ್ತದೆ, ಒಂದೇ ತಾಯಿಯಿಂದ ಬಂದ ಮೆಳೆಗಳು ಬಹುಮಟ್ಟಿಗೆ ಒಟ್ಟಿಗೇ ಸಾಯುತ್ತವೆ. ಮಿಜೋರಾಮಿನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಬರುವ ಮೌತಾಮ್ ಎಂಬ ಬಿದಿರಿನ ಸಾಮೂಹಿಕ ಹೂಬಿಡುವಿಕೆ 1958–59ರಲ್ಲಿ ಇಲಿಗಳ ಹಾವಳಿಯನ್ನೂ ಬರವನ್ನೂ ತಂದದ್ದು, 2006–07ರಲ್ಲಿ ಮರುಕಳಿಸಿದ್ದು ಎಲ್ಲರೂ ಬಲ್ಲ ಸಂಗತಿ. ದೊಡ್ಡ ನಾಡಿನಲ್ಲಿ ಪಕ್ಕದ ಜಿಲ್ಲೆಯಿಂದ ಬಿದಿರು ತರಬಹುದು, ದ್ವೀಪಕ್ಕೆ ಪಕ್ಕದ ಜಿಲ್ಲೆ ಎಂಬುದಿಲ್ಲ. ಹಾಗಾಗಿ ಎರಡು ಮೂರು ಜಾತಿಗಳನ್ನು, ಅವುಗಳಲ್ಲೂ ಬೇರೆ ಬೇರೆ ಮೂಲದ ಸಸಿಗಳನ್ನು ಬೆರೆಸಿ ನೆಡಬೇಕು.

ಉಪ್ಪುನೀರು ಬಿದಿರಿಗೆ ಒಗ್ಗುವುದಿಲ್ಲ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚು, ಒಡ್ಡು ಕಟ್ಟಿ ಉಪ್ಪುನೀರನ್ನು ತಡೆದ ಗೋವೆಯ ಖಾಜನ್ ಗದ್ದೆಗಳು ಬಿದಿರಿನ ಜಾಗವಲ್ಲ, ಅವಕ್ಕೆ ಅವುಗಳದೇ ಕೆಲಸವಿದೆ. ಲಕ್ಷದ್ವೀಪದಂಥ ಹವಳದ ಮರಳಿನ ತೆಳು ನೆಲದಲ್ಲಿ ಬಿದಿರಿನ ಕನಸು ಕಾಣುವುದನ್ನು ಬಿಟ್ಟು ತೆಂಗಿನತ್ತ ನೋಡುವುದೇ ವಿವೇಕ.

ಇನ್ನು ಕಡಿಯುವ ಕಾಲ. ಮುಂಗಾರಿನಲ್ಲಿ ಕಳಲೆ ಏಳುವಾಗ ಮೆಳೆಯನ್ನು ಮುಟ್ಟಬಾರದು. ಬೇರಿನಲ್ಲೂ ಗಳದಲ್ಲೂ ಕೂಡಿಟ್ಟ ಪಿಷ್ಟವೆಲ್ಲ ಆ ಕಳಲೆಗಳನ್ನು ಬೆಳೆಸಲು ಖರ್ಚಾಗುತ್ತದೆ. ಮಳೆ ನಿಂತ ಮೇಲೆ, ದೀಪಾವಳಿ ಕಳೆದು ಚಳಿ ಹಿಡಿಯುವ ದಿನಗಳಲ್ಲಿ, ಬಲಿತ ಗಳದಲ್ಲಿ ಪಿಷ್ಟ ಕಡಿಮೆಯಿರುತ್ತದೆ. ಬಿದಿರನ್ನು ಕೊರೆದು ಪುಡಿಮಾಡುವ ಕುಟ್ಟೆ ಹುಳುವಿಗೆ ಬೇಕಾದದ್ದು ಆ ಪಿಷ್ಟವೇ ಆದ್ದರಿಂದ ಅದು ಕಡಿಮೆಯಿರುವಾಗ ಕಡಿದ ಗಳ ಹೆಚ್ಚು ತಾಳುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿಯಬೇಕೆಂದು ನಮ್ಮ ಹಿರಿಯರು ಹೇಳುವುದುಂಟು. ತಿಥಿಯ ಮಾತು ಹೇಗಾದರೂ ಇರಲಿ, ಋತುವಿನ ಮಾತನ್ನಂತೂ ಮೀರಬಾರದು.

ಗಳದ ವಯಸ್ಸನ್ನು ಕಣ್ಣಿನಿಂದಲೇ ಗುರುತಿಸಬಹುದು. ಮೊದಲ ವರ್ಷದ್ದಕ್ಕೆ ಗೆಣ್ಣಿನ ಬಳಿ ಹಾಳೆ ಅಂಟಿಕೊಂಡಿರುತ್ತದೆ, ಮೈಮೇಲೆ ಬಿಳಿಯ ಪುಡಿ ಇರುತ್ತದೆ. ನಾಲ್ಕನೆಯ ವರ್ಷದ್ದರ ಹಸಿರು ಮಂಕಾಗಿ, ಅಲ್ಲಲ್ಲಿ ಕಲ್ಲುಹೂವಿನ ಕಲೆಗಳು ಮೂಡಿರುತ್ತವೆ. ಕತ್ತಿಯ ಹಿಂಬದಿಯಿಂದ ತಟ್ಟಿದರೆ ಸದ್ದು ಗಟ್ಟಿಯಾಗಿ ಬರುತ್ತದೆ. ಆದರೂ ಪ್ರತಿ ವರ್ಷ ಹೊಸ ಗಳದ ಮೇಲೆ ಬಣ್ಣದಲ್ಲಿ ಇಸವಿ ಬರೆದಿಡುವುದು ಒಳ್ಳೆಯದು, ಏಕೆಂದರೆ ಕಡಿಯುವ ಆಳು ಬದಲಾದರೂ ಲೆಕ್ಕ ತಪ್ಪುವುದಿಲ್ಲ. ನೆಲದಿಂದ ಮೊದಲ ಅಥವಾ ಎರಡನೆಯ ಗೆಣ್ಣಿನ ಸ್ವಲ್ಪ ಮೇಲೆ, ಮೋಟಿನಲ್ಲಿ ನೀರು ನಿಲ್ಲದಂತೆ ಕಡಿಯಬೇಕು. ಎಳೆಯವನ್ನು ಬಿಡಬೇಕು, ಏಕೆಂದರೆ ಮುಂದಿನ ಕಳಲೆಗಳನ್ನು ಸಾಕುವುದು ಅವೇ.

ಕಡಿದ ಗಳವನ್ನು ಹಾಗೆಯೇ ಮನೆಗೆ ಬಳಸಿದರೆ ಏನಾಗುತ್ತದೆಂದು ಕರಾವಳಿಯ ಯಾವ ಹಳೆಯ ಕೊಟ್ಟಿಗೆಯಲ್ಲಾದರೂ ನೋಡಬಹುದು. ಮೇಲಿನ ಜಂತಿ ನೋಟಕ್ಕೆ ನೆಟ್ಟಗೇ ಇರುತ್ತದೆ, ಅದರ ನೇರ ಕೆಳಗೆ ನೆಲದ ಮೇಲೆ ಗೋಧಿ ಹಿಟ್ಟಿನಂಥ ನುಣುಪಾದ ಪುಡಿ ಸಾಲಾಗಿ ಬಿದ್ದಿರುತ್ತದೆ. ಗುಡಿಸಿ ಹಾಕಿದರೆ ಮರುದಿನ ಮತ್ತೆ ಬೀಳುತ್ತದೆ. ಹತ್ತಿರ ಹೋಗಿ ನೋಡಿದರೆ ಗಳದ ಮೈಯಲ್ಲಿ ಸೂಜಿಯಿಂದ ಚುಚ್ಚಿದಂತೆ ತೂತುಗಳು. ಹೆಬ್ಬೆರಳಿನಿಂದ ಒತ್ತಿದರೆ ಹೊರಗಿನ ಹೊಳಪು ಸಿಪ್ಪೆ ಒಳಕ್ಕೆ ಕುಸಿಯುತ್ತದೆ. ಬಿದಿರಿನ ಮನೆ ಬಡವರ ತಾತ್ಕಾಲಿಕ ಆಸರೆ ಎಂಬ ಅಪಖ್ಯಾತಿ ಬಂದದ್ದು ಈ ಪುಡಿಯಿಂದ.

ಇದಕ್ಕೆ ಪರಿಹಾರ ಕಷ್ಟದ್ದೇನೂ ಅಲ್ಲ. ಬಾಲಿಯಲ್ಲಿ ಲಿಂಡಾ ಗಾರ್ಲ್ಯಾಂಡ್ ಎಂಬವರು 1990ರ ದಶಕದಲ್ಲಿ ಸ್ಥಾಪಿಸಿದ ಬಿದಿರು ಪ್ರತಿಷ್ಠಾನ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಸಂಸ್ಕರಣೆಯನ್ನು ಹಳ್ಳಿಯವರೂ ಮಾಡಬಲ್ಲಷ್ಟು ಸರಳಗೊಳಿಸಿ ಹರಡಿತು. ಮೂರು ಪಾಲು ಬೋರಾಕ್ಸ್, ಎರಡು ಪಾಲು ಬೋರಿಕ್ ಆಮ್ಲ; ನೂರು ಲೀಟರ್ ನೀರಿಗೆ ಎರಡೂ ಸೇರಿ ಸುಮಾರು ಐದು ಕಿಲೋ. ಹಸಿಯಾಗಿರುವಾಗಲೇ, ಕಡಿದ ಕೆಲವೇ ದಿನಗಳೊಳಗೆ, ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಳಗಿನ ಗೆಣ್ಣುಗಳನ್ನು ತೂತು ಮಾಡಿ, ಗಳಗಳನ್ನು ಈ ದ್ರಾವಣದಲ್ಲಿ ಒಂದರಿಂದ ಎರಡು ವಾರ ಪೂರ್ತಿಯಾಗಿ ಮುಳುಗಿಸಿಡಬೇಕು. ಆಮೇಲೆ ನೆರಳಿನಲ್ಲಿ ನೆಟ್ಟಗೆ ನಿಲ್ಲಿಸಿ ನಿಧಾನವಾಗಿ ಒಣಗಿಸಬೇಕು, ಬಿಸಿಲಿನಲ್ಲಿ ಒಣಗಿಸಿದರೆ ಸೀಳುತ್ತದೆ. ಹಸಿಯಿರುವಾಗಲೇ ಎಂಬುದು ಇಲ್ಲಿ ಬಹಳ ಮುಖ್ಯ. ಒಳಗಿನ ರಸ ಇನ್ನೂ ಇದ್ದಾಗ ಔಷಧ ಅದರೊಂದಿಗೆ ಬೆರೆತು ನಾರಿನೊಳಕ್ಕೆ ಹರಿಯುತ್ತದೆ. ಒಣಗಿದ ಗಳದೊಳಗೆ ಅದು ಅಷ್ಟಾಗಿ ಇಳಿಯುವುದಿಲ್ಲ. ತೊಟ್ಟಿ ಮೆಳೆಯ ಹತ್ತಿರವೇ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕೆಲವು ಕಡೆ ಕಡಿದ ಬಿದಿರನ್ನು ಹೊಳೆಯಲ್ಲೋ ಖಾರಿಯ ನೀರಿನಲ್ಲೋ ವಾರಗಟ್ಟಲೆ ಮುಳುಗಿಸಿಡುವ ಪದ್ಧತಿಯಿದೆ. ಪಿಷ್ಟ ಕರಗಿ ಹೋಗುವುದರಿಂದ ಕುಟ್ಟೆಯ ಕಾಟ ಕಡಿಮೆಯಾಗುತ್ತದೆ, ಆದರೆ ಗೆದ್ದಲಿನಿಂದ ರಕ್ಷಣೆ ದೊರೆಯುವುದಿಲ್ಲ. ಉಪ್ಪುನೀರಾದರೆ ಗಳದೊಳಗೆ ಉಳಿದ ಉಪ್ಪು ತೇವ ಹೀರುತ್ತ ಬೋಲ್ಟುಗಳನ್ನು ತಿನ್ನುತ್ತದೆ. ದನಕರುಗಳ ಕೊಟ್ಟಿಗೆಗೆ, ಬೇಲಿಗೆ ಅದು ಸಾಕು. ಮಕ್ಕಳು ಮಲಗುವ ಮನೆಯ ತೊಲೆಗೆ ಸಾಲದು.

ತೊಟ್ಟಿಯ ವಿಷಯದಲ್ಲಿ ದ್ವೀಪಕ್ಕೆ ಮಾತ್ರ ಇರುವ ಇನ್ನೊಂದು ಜವಾಬ್ದಾರಿ ಇದೆ. ಅನೇಕ ಸಣ್ಣ ದ್ವೀಪಗಳಲ್ಲಿ ಬಾವಿಯ ನೀರೆಂದರೆ ಮಳೆನೀರು ನೆಲಕ್ಕಿಳಿದು ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುವ ಸಿಹಿನೀರಿನ ಪದರ. ಅದು ಒಮ್ಮೆ ಕೆಟ್ಟರೆ ಪಕ್ಕದ ಊರಿನಿಂದ ಕೊಳವೆ ಎಳೆಯಲು ಸಾಧ್ಯವಿಲ್ಲ. ಬೋರಾಕ್ಸ್, ಬೋರಿಕ್ ಆಮ್ಲಗಳಲ್ಲಿರುವ ಬೋರಾನ್ ತೀರ ಸ್ವಲ್ಪವಿದ್ದರೆ ಗಿಡಕ್ಕೆ ಪೋಷಕ, ಹೆಚ್ಚಾದರೆ ವಿಷ. ಆದ್ದರಿಂದ ತೊಟ್ಟಿಗೆ ಸೋರದ ಒಳಮೈ ಬೇಕು, ಮಳೆಗೆ ತುಂಬಿ ಹರಿಯದಂತೆ ಮೇಲೆ ಮಾಡು ಬೇಕು, ಗಳಗಳಿಂದ ತೊಟ್ಟಿಕ್ಕುವ ದ್ರಾವಣ ಮರಳಿ ತೊಟ್ಟಿಗೇ ಬರುವಂತೆ ಇಳಿಜಾರು ಬೇಕು. ಅದೇ ದ್ರಾವಣಕ್ಕೆ ಔಷಧ ಸೇರಿಸುತ್ತ ಮತ್ತೆ ಮತ್ತೆ ಬಳಸಬಹುದು. ಇದಕ್ಕೆ ಆಗುವ ಖರ್ಚನ್ನು ಉಳಿಸಲು ಹೋಗುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು.

ಬೋರಾನ್ ಮಳೆಯಲ್ಲಿ ತೊಳೆದು ಹೋಗುತ್ತದೆ ಎಂಬುದರಿಂದಲೇ ಮನೆಯ ಆಕಾರ ಹುಟ್ಟುತ್ತದೆ. ಬಿದಿರಿನ ಮೇಲೆ ಮಳೆ ಬೀಳಬಾರದು, ಬಿಸಿಲು ನೇರವಾಗಿ ಬಡಿಯಬಾರದು, ನೆಲದ ತೇವ ಏರಬಾರದು. ಕಂಬವನ್ನು ಮಣ್ಣಿನಲ್ಲಿ ಹೂಳುವ ಬದಲು ಚಿರೆಕಲ್ಲಿನ ಎತ್ತರದ ಪಂಚಾಂಗದ, ಅಂದರೆ ಅಡಿಪಾಯದ ಕಟ್ಟೆಯ, ಮೇಲೆ, ಕಬ್ಬಿಣದ ಹಿಡಿಕೆಯಲ್ಲಿ ನಿಲ್ಲಿಸಬೇಕು. ಸೂರು ಗೋಡೆಯಿಂದ ಒಂದು ಮೀಟರಿಗೂ ಹೆಚ್ಚು ಮುಂದಕ್ಕೆ ಚಾಚಿರಬೇಕು.

ಇಲ್ಲೇ ದ್ವೀಪದ ಕಟ್ಟಡಗಾರನಿಗೆ ಇಕ್ಕಟ್ಟು ಎದುರಾಗುತ್ತದೆ. ಮಳೆಗೆ ಬೇಕಾದ ಅಗಲ ಸೂರು ಬಿರುಗಾಳಿಗೆ ಹಿಡಿಕೆಯಾಗುತ್ತದೆ. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ರಾಯಗಡದ ಶ್ರೀವರ್ಧನದ ಬಳಿ ದಡ ಮುಟ್ಟಿದಾಗ, ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಈ ಕರಾವಳಿಯನ್ನು ಸವರಿಕೊಂಡು ಹೋದಾಗ, ಹಾರಿಹೋದ ಮಾಡುಗಳನ್ನು ನಾವೆಲ್ಲ ನೋಡಿದ್ದೇವೆ. ಬಿದಿರಿನ ಮನೆಯ ಹಗುರತನ ಭೂಕಂಪದಲ್ಲಿ ವರ. 2018ರ ಆಗಸ್ಟ್ 5ರಂದು ಇಂಡೊನೇಷ್ಯಾದ ಲೊಂಬೊಕ್ ದ್ವೀಪ ನಡುಗಿ 500ಕ್ಕೂ ಹೆಚ್ಚು ಜನ ಸತ್ತಾಗ ಇಟ್ಟಿಗೆಯ ಮನೆಗಳು ಕುಸಿದವು, ಅಲ್ಲಿನ ಸಾಸಾಕ್ ಜನರ ಬಿದಿರು–ಮರದ ಹಳೆಯ ಮನೆಗಳು ಬಹುಮಟ್ಟಿಗೆ ನಿಂತವು. ಅದೇ ಹಗುರತನ ಚಂಡಮಾರುತದಲ್ಲಿ ಅಪಾಯ. ಆದ್ದರಿಂದ ಮಾಡಿನಿಂದ ಗೋಡೆಗೆ, ಗೋಡೆಯಿಂದ ಪಂಚಾಂಗಕ್ಕೆ ಲೋಹದ ಪಟ್ಟಿಗಳ ಬಿಗಿತ ಎಲ್ಲಿಯೂ ತಪ್ಪದೆ ಸಾಗಬೇಕು. ಎರಡು ಇಳಿಜಾರಿನ ಮಾಡಿಗಿಂತ ನಾಲ್ಕೂ ಕಡೆ ಇಳಿಯುವ ಮಾಡು ಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಜಗಲಿಯ ಮಾಡನ್ನು ಮುಖ್ಯ ಮಾಡಿನ ಮುಂದುವರಿಕೆಯಾಗಿ ಕಟ್ಟದೆ ಬೇರೆಯಾಗಿ ಕಟ್ಟಿದರೆ, ಗಾಳಿ ಅದನ್ನು ಕಿತ್ತರೂ ಮನೆಯ ಮಾಡು ಉಳಿಯುತ್ತದೆ.

ಜೋಡಣೆಯ ವಿಷಯದಲ್ಲಿ ಇಲ್ಲಿನ ಬಡಿಗರೂ ಬಾರ್ ಬೆಂಡಿಂಗ್ ಮಾಡುವವರೂ ಗಮನವಿಟ್ಟು ಕೇಳಬೇಕು. ಬಿದಿರಿನ ಹೊರಭಾಗದ ನಾರುಗಳನ್ನು ಉದ್ದಕ್ಕೆ ಎಳೆದರೆ ಅಚ್ಚರಿಯ ಬಲ ತೋರುತ್ತವೆ, ಅಡ್ಡಕ್ಕೆ ಮಾತ್ರ ಅವು ಸುಲಭವಾಗಿ ಸೀಳುತ್ತವೆ. ಮೊಳೆ ಹೊಡೆದ ಕೂಡಲೇ ಗೆಣ್ಣಿನಿಂದ ಗೆಣ್ಣಿಗೆ ಬಿರುಕು ಓಡುತ್ತದೆ. ಡ್ರಿಲ್ಲಿನಿಂದ ತೂತು ಕೊರೆದು ಬೋಲ್ಟ್ ಹಾಕಬೇಕು, ಬೋಲ್ಟ್ ಆದಷ್ಟು ಗೆಣ್ಣಿನ ಹತ್ತಿರ ಬರಬೇಕು, ಭಾರ ಹೆಚ್ಚಿರುವಲ್ಲಿ ಆ ಟೊಳ್ಳಿಗೆ ಸಿಮೆಂಟ್ ಗಾರೆ ತುಂಬಬೇಕು. ಒಂದು ಗಳ ಇನ್ನೊಂದರ ಮೇಲೆ ಕೂರುವಲ್ಲಿ ತುದಿಯನ್ನು ಮೀನಿನ ಬಾಯಿಯಂತೆ ಕೊರೆದು ಕೂರಿಸಬೇಕು. ಸಮುದ್ರದ ಗಾಳಿಯಲ್ಲಿ ಸಾದಾ ಬೋಲ್ಟುಗಳು ಬೇಗ ತುಕ್ಕು ಹಿಡಿಯುತ್ತವೆ, ಸತುವಿನ ಲೇಪವಿದ್ದವು ಅಥವಾ ಸ್ಟೇನ್‌ಲೆಸ್ ಬೇಕು. ಅವೂ, ಬೋರಾಕ್ಸೂ, ಒಂದಿಷ್ಟು ಸಿಮೆಂಟೂ ಹಡಗಿನಲ್ಲೇ ಬರಬೇಕೆಂಬುದು ನಿಜ. ಆದರೆ ಕೆಲವು ಚೀಲಗಳಿಗೂ ಲಾರಿಗಟ್ಟಲೆ ಸಾಮಾನಿಗೂ ಇರುವ ಅಂತರ ದ್ವೀಪದವರಿಗೆ ಚೆನ್ನಾಗಿ ಗೊತ್ತು. ಬಿದಿರಿನ ಕಟ್ಟಡದ ಲೆಕ್ಕಾಚಾರಕ್ಕೆ ಐಎಸ್ 15912 ಎಂಬ ನಮ್ಮ ದೇಶದ್ದೇ ಸಂಹಿತೆಯಿದೆ, 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಬಿದಿರಿಗೆ ಪ್ರತ್ಯೇಕ ಭಾಗವಿದೆ. ಬಿದಿರಿಗೆ ನಿಯಮವೇ ಇಲ್ಲವೆಂದು ಯಾವ ಎಂಜಿನಿಯರೂ ಕೈಚೆಲ್ಲುವಂತಿಲ್ಲ.

ಕಾನೂನಿನ ತೊಡಕೂ ಸಡಿಲಾಗಿದೆ. 1927ರ ಅರಣ್ಯ ಕಾಯ್ದೆಯಲ್ಲಿ ಬಿದಿರನ್ನು ಮರವೆಂದು ಎಣಿಸಿದ್ದರಿಂದ ಸ್ವಂತ ಜಮೀನಿನದನ್ನು ಕಡಿದು ಸಾಗಿಸಲೂ ಪರವಾನಗಿಯ ತಾಪತ್ರಯವಿತ್ತು. 2017ರ ತಿದ್ದುಪಡಿ ಆ ಪಟ್ಟಿಯಿಂದ ಬಿದಿರನ್ನು ತೆಗೆದಿದೆ. ಸಿಂಧುದುರ್ಗದ ಕುಡಾಳದಲ್ಲಿ ಕೊನ್‌ಬ್ಯಾಕ್ ಎಂಬ ಕೇಂದ್ರ ಮಾಣಗಾ ಬಿದಿರಿನಿಂದಲೇ ಕಟ್ಟಡಗಳನ್ನು ಮಾಡುತ್ತಿದೆ, ಇಲ್ಲಿಂದ ಒಂದು ದಿನದಲ್ಲಿ ಹೋಗಿ ನೋಡಿಕೊಂಡು ಬರುವಷ್ಟು ಹತ್ತಿರ.

ಕೈಗಳ ಮಾತಿಗೆ ಬಂದರೆ ನಮ್ಮಲ್ಲಿ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ಶರಣ ಮೇದಾರ ಕೇತಯ್ಯನ ಕಾಯಕ ಬಿದಿರಿನದೇ ಆಗಿತ್ತು. ನಮ್ಮ ಮೇದಾರರೂ ಅದೇ ಕಸುಬಿನ ಪುಣೆಯ ಬುರುಡರೂ ಬಿದಿರಿನ ದೆಬ್ಬೆ ಸೀಳುವ ಸಮಪ್ರಮಾಣವನ್ನು ಯಾವ ಯಂತ್ರಕ್ಕೂ ಬಿಟ್ಟುಕೊಟ್ಟಿಲ್ಲ. ಮುಂಬಯಿಯ ಹಳೆಯ ಕಟ್ಟಡಗಳಿಗೆ ಬಿದಿರಿನ ಸಾರವೆ ಕಟ್ಟಿ ಹತ್ತಾರು ಅಂತಸ್ತು ಏರುವವರಿಗೆ ಯಾವ ಗಳ ಭಾರ ತಾಳುತ್ತದೆಂದು ಕಾಲಿನಡಿಯಲ್ಲೇ ತಿಳಿಯುತ್ತದೆ. ಈ ಜ್ಞಾನಕ್ಕೆ ದಿನಗೂಲಿಯಲ್ಲದೆ ಬೇರೆ ಬೆಲೆ ಸಿಕ್ಕಿಲ್ಲವೆಂಬುದು ನನ್ನ ನೋವು. ದ್ವೀಪದಲ್ಲಿ ಬಿದಿರಿನ ಮನೆಗಳ ಕೆಲಸ ಆರಂಭವಾದರೆ ತೊಟ್ಟಿಯ ಮೇಲ್ವಿಚಾರಣೆಯೂ ಜೋಡಣೆಯೂ ಇಂಥವರ ಕೈಯಲ್ಲಿರಬೇಕು, ಕುಶಲ ಕೆಲಸಗಾರರ ಕೂಲಿ ಅವರಿಗೆ ಸಲ್ಲಬೇಕು. ಸಸಿ ನೆಟ್ಟು ಆರು ವರ್ಷ ಕಾಯುವ ಅವಧಿಯನ್ನು ಇದಕ್ಕೆ ಬಳಸಿಕೊಳ್ಳಬಹುದು. ಸಿಂಧುದುರ್ಗದಿಂದ ಹಸಿ ಗಳ ತಂದು ಮೊದಲ ವರ್ಷವೇ ಒಂದು ತೊಟ್ಟಿ ತೆರೆದು, ಬಸ್ ತಂಗುದಾಣ, ಅಂಗನವಾಡಿಯ ಜಗಲಿಯಂಥ ಸಣ್ಣ ಕೆಲಸಗಳಲ್ಲಿ ಕೈ ಪಳಗಿಸಿಕೊಂಡರೆ, ದ್ವೀಪದ ಮೆಳೆ ಬಲಿಯುವ ಹೊತ್ತಿಗೆ ಕೆಲಸಗಾರರೂ ಸಿದ್ಧರಿರುತ್ತಾರೆ.

ಮಾತು ಮುಗಿದ ಮೇಲೆ ತಾಯಿಯೊಬ್ಬರು ಬೆಂಕಿಯ ಬಗ್ಗೆ ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಒಣ ಬಿದಿರು ಬೇಗ ಹತ್ತಿಕೊಳ್ಳುತ್ತದೆ, ಬೋರಾನಿನ ಸಂಸ್ಕರಣೆ ಅದನ್ನು ಸ್ವಲ್ಪ ತಡೆಯಬಹುದಾದರೂ ಅದನ್ನೇ ನಂಬಿ ಕೂರುವಂತಿಲ್ಲ. ಫಿಲಿಪೀನ್ಸಿನಲ್ಲಿ ಬೇಸ್ ಬಹಾಯ್ ಸಂಸ್ಥೆ ಕಟ್ಟುವ ಮನೆಗಳಲ್ಲಿ ಬಿದಿರಿನ ಚೌಕಟ್ಟಿನ ಮೇಲೆ ಸಿಮೆಂಟ್ ಗಾರೆಯ ಲೇಪವಿರುತ್ತದೆ. ನಮ್ಮಲ್ಲಿ ತಟ್ಟಿಯ ಎರಡೂ ಬದಿಗೆ ಮಣ್ಣು ಮೆತ್ತಿ ಸುಣ್ಣ ಬಳಿಯುವ ರೂಢಿ ಮೊದಲಿನಿಂದಲೂ ಇದೆ. ಆ ಲೇಪ ಬೆಂಕಿಯನ್ನು ಬಿದಿರಿನಿಂದ ದೂರವಿಡುತ್ತದೆ, ಹುಳುವಿಗೂ ಅಡ್ಡಿಯಾಗುತ್ತದೆ. ವಿದ್ಯುತ್ತಿನ ತಂತಿಯನ್ನು ಗಳದ ಟೊಳ್ಳಿನೊಳಗೆ ಹಾಯಿಸದೆ ಹೊರಗೆ, ಪೈಪಿನಲ್ಲಿ ಎಳೆಯಬೇಕು. ಮನೆಯಿಂದ ಮನೆಗೆ ಕಿಡಿ ಹಾರದಷ್ಟು ಅಂತರವಿರಬೇಕು. ಒಲೆಯ ಹಿಂದಿನ ಗೋಡೆಯನ್ನೂ ಅದರ ಎರಡು ಪಕ್ಕಗಳನ್ನೂ ಚಿರೆಕಲ್ಲಿನಲ್ಲೇ ಕಟ್ಟಿ, ಅಡುಗೆಮನೆಯ ಮಾಡಿಗೆ ಹೆಂಚು ಹೊದಿಸಬೇಕು.